ಕ್ಲೀವ್‌ಲ್ಯಾಂಡ್ ಕಚೇರಿಯಲ್ಲಿ ಥಿನ್ ಲಿಜ್ಜಿಯ ಫೈಲು

ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, ಈರಿ ಸರೋವರದ ದಂಡೆ ಮೇಲೆ, ಗಾಜಿನ ಪಿರಮಿಡ್ಡಿನಂಥ ಕಟ್ಟಡವೊಂದಿದೆ. ಐ. ಎಂ. ಪೇ ಎಂಬ ಜಗದ್ವಿಖ್ಯಾತ ವಾಸ್ತುಶಿಲ್ಪಿಯ ನಕ್ಷೆ. 1995ರ ಸೆಪ್ಟೆಂಬರಿನಲ್ಲಿ ಬಾಗಿಲು ತೆರೆಯಿತು. ಒಳಗಿರುವುದು ರಾಕ್ ಸಂಗೀತದ ಗಣ್ಯರನ್ನು ಆರಿಸಿ ಸನ್ಮಾನಿಸುವ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್. ಅಪ್ಪ, ಮೇಷ್ಟ್ರು, ಪೊಲೀಸು ಯಾರ ಮಾತನ್ನೂ ಕೇಳುವುದಿಲ್ಲವೆಂದು ಕೂದಲು ಬಿಟ್ಟುಕೊಂಡು ಮನೆ ಬಿಟ್ಟ ಸಂಗೀತಕ್ಕೆ ನಾಮನಿರ್ದೇಶನ ಸಮಿತಿ, ಮತಪತ್ರ, ಅರ್ಹತಾ ನಿಯಮಾವಳಿ, ಸೂಟು ಹಾಕಿಕೊಂಡು ಉಣ್ಣುವ ಸಮಾರಂಭ ಇಷ್ಟನ್ನೂ ಒದಗಿಸಿ, ಕಿವಿ ಹಿಡಿದು ಮತ್ತೆ ಮನೆ ಸೇರಿಸಿದ ಕೀರ್ತಿ ಈ ಸಂಸ್ಥೆಯದು.

ನಿಯಮ ಸರಳವಾಗಿದೆ. ಮೊದಲ ರೆಕಾರ್ಡು ಅಂಗಡಿಗೆ ಬಂದು 25 ವರ್ಷ ತುಂಬಿರಬೇಕು. ಡಬ್ಲಿನ್ನಿನಲ್ಲಿ 1969ರಲ್ಲಿ ಹುಟ್ಟಿದ ಥಿನ್ ಲಿಜ್ಜಿ ಎಂಬ ಹಾರ್ಡ್ ರಾಕ್ ತಂಡದ ಮೊದಲ ರೆಕಾರ್ಡು ಬಂದದ್ದು 1970ರಲ್ಲಿ. ಬೆರಳೆಣಿಸಿದರೆ 1995ಕ್ಕೆ, ಅಂದರೆ ಗಾಜಿನ ಕಟ್ಟಡ ಬಾಗಿಲು ತೆರೆದ ವರ್ಷಕ್ಕೇ, ತಂಡ ವಯಸ್ಸಿಗೆ ಬಂದಿತ್ತು. ಫೈಲು ಮೊದಲ ಸಲ ನಾಮನಿರ್ದೇಶನಗೊಂಡು ಮೇಜು ಹತ್ತಿದ್ದು 2020ರ ಸಾಲಿಗೆ. 25 ವರ್ಷ ಕಾದವರು ಇನ್ನೂ 25 ವರ್ಷ ಕಾದು ತಾಳ್ಮೆ ತೋರಿಸಿದ ಮೇಲೆ ಮೇಜು ಹತ್ತಿದ ಫೈಲು, ಅದೇ ಸಾಲಿನಲ್ಲಿ ಮತ ಸಾಲದೆ ಕೆಳಗೂ ಇಳಿಯಿತು.

ಈ ತಂಡಕ್ಕೆ ತಕ್ಕ ಮನ್ನಣೆ ಸಿಕ್ಕಿದೆಯೇ ಎಂದು ಕೇಳುವವರು ಮೊದಲು ಕಚೇರಿಯ ಅಳತೆಗೋಲು ನೋಡಬೇಕು. ಅದರಲ್ಲಿ ಎದ್ದು ಕಾಣುವ ಬಾಬತ್ತು 'ಇತರ ಕಲಾವಿದರ ಮೇಲೆ ಬೀರಿದ ಪ್ರಭಾವ'. ಸರಿ, ಅರ್ಜಿಯ ಆ ಕಾಲಮ್ಮನ್ನೇ ತುಂಬೋಣ.

1974ರಲ್ಲಿ ತಂಡಕ್ಕೆ ಇಬ್ಬರು ಹೊಸ ಗಿಟಾರಿಗರು ಬಂದರು. ಒಬ್ಬನ ಹೆಸರು ಸ್ಕಾಟ್ ಗೋರಮ್, ಊರು ಕ್ಯಾಲಿಫೋರ್ನಿಯಾ. ನಿಜವಾದ ಸ್ಕಾಟ್ಲೆಂಡಿನವನು ಇನ್ನೊಬ್ಬ, 18 ವರ್ಷದ ಬ್ರಿಯಾನ್ ರಾಬರ್ಟ್‌ಸನ್. ಅಲ್ಲಿಯವರೆಗೆ ರಾಕ್ ತಂಡಗಳ ಮಾಮೂಲು ವ್ಯವಸ್ಥೆ ಎಂದರೆ ಒಬ್ಬ ಮುಂದೆ ನಿಂತು ಮೆರೆಯುವುದು, ಇನ್ನೊಬ್ಬ ಹಿಂದೆ ನಿಂತು ತಾಳಕ್ಕೆ ತಂತಿ ಬಡಿಯುವುದು. ಇವರಿಬ್ಬರೂ ಒಂದೇ ಧಾಟಿಯನ್ನು ಎರಡು ಎತ್ತರದಲ್ಲಿ ಒಟ್ಟಿಗೆ ನುಡಿಸತೊಡಗಿದರು. ವಿಷ್‌ಬೋನ್ ಆ್ಯಶ್ ಎಂಬ ಇಂಗ್ಲಿಷ್ ತಂಡ ಇದನ್ನು ಮೊದಲೇ ಮಾಡಿತ್ತು, ಆ ಋಣ ಮರೆಯಬಾರದು. ಆದರೆ ಅದನ್ನು ಮೂರು ನಿಮಿಷದ ಹಾಡಿನೊಳಗೆ, ಬೀದಿಯಲ್ಲಿ ಹೋಗುವವನೂ ಶಿಳ್ಳೆ ಹಾಕುವ ಹಾಗೆ ಕೂರಿಸಿದ್ದು ಥಿನ್ ಲಿಜ್ಜಿ.

ಇದರ ಗುಟ್ಟನ್ನು ನಮ್ಮ ಸ್ವರಗಳಲ್ಲಿ ಹೇಳುವುದೇ ಸಲೀಸು. ಶಂಕರಾಭರಣ ಇಟ್ಟುಕೊಳ್ಳಿ. ಒಬ್ಬ ಷಡ್ಜದಲ್ಲಿದ್ದರೆ ಇನ್ನೊಬ್ಬ ಗಾಂಧಾರದಲ್ಲಿ. ಅವನು ರಿಷಭಕ್ಕೆ ಸರಿದರೆ ಇವನು ಮಧ್ಯಮಕ್ಕೆ. ಯಾವಾಗಲೂ ನಡುವೆ ಒಂದು ಸ್ವರ ಖಾಲಿ. ಹೊಸಬರು ಮುಗ್ಗರಿಸುವುದು ಇಲ್ಲೇ. ಷಡ್ಜದಿಂದ ಗಾಂಧಾರಕ್ಕೆ ಗಿಟಾರಿನಲ್ಲಿ ನಾಲ್ಕು ಫ್ರೆಟ್ (ವೀಣೆಯ ಮೆಟ್ಟಿನಂಥದ್ದು) ಎಂದು ಕಂಡುಕೊಂಡು, ಹಾಡಿನುದ್ದಕ್ಕೂ ನಾಲ್ಕೇ ಫ್ರೆಟ್ ಎತ್ತರದಲ್ಲಿ ಬೆರಳಿಡುತ್ತಾರೆ. ರಿಷಭದಿಂದ ಮಧ್ಯಮಕ್ಕೆ ಇರುವುದು ಮೂರೇ. ನಾಲ್ಕನೆಯದಕ್ಕೆ ಹೋದರೆ ಅಲ್ಲಿ ಪ್ರತಿಮಧ್ಯಮ ಕಾದಿರುತ್ತದೆ. ಒಂದು ಗಿಟಾರು ಶಂಕರಾಭರಣದಲ್ಲೇ ಉಳಿದು ಇನ್ನೊಂದು ಕಲ್ಯಾಣಿಯ ಮನೆಗೆ ಕಾಲಿಟ್ಟಂತಾಗುತ್ತದೆ. ಲೆಕ್ಕ ಇಷ್ಟು: ಸ, ಮ, ಪ ಈ ಮೂರಕ್ಕೆ ನಾಲ್ಕು ಫ್ರೆಟ್, ರಿ, ಗ, ದ, ನಿ ಈ ನಾಲ್ಕಕ್ಕೆ ಮೂರು ಫ್ರೆಟ್.

ಎರಡೂ ಸ್ವರವನ್ನು ಒಬ್ಬನೇ ನುಡಿಸಿ ಒಂದು ಸಂಬಳ ಉಳಿಸಬಹುದಲ್ಲ ಎಂದು ಕಚೇರಿಯ ಲೆಕ್ಕಪತ್ರ ಶಾಖೆ ಆಕ್ಷೇಪ ಎತ್ತಬಹುದು. ಆಗುವುದಿಲ್ಲ. ಹಾರ್ಡ್ ರಾಕಿನ ಗಿಟಾರು ಒರಟಾಗಿ ಕೇಳಿಸುವುದು ಆಂಪ್ಲಿಫೈಯರಿಗೆ ಅದು ತಾಳಲಾರದಷ್ಟು ಸಿಗ್ನಲ್ ತುರುಕುವುದರಿಂದ. ಹಾಗೆ ಹಿಂಡಿದ ಯಂತ್ರದೊಳಗೆ ಎರಡು ಸ್ವರ ಒಟ್ಟಿಗೆ ಹೊಕ್ಕರೆ ಅವೆರಡರ ಮೊತ್ತ, ವ್ಯತ್ಯಾಸಗಳೂ ಹೊಸ ಸ್ವರಗಳಾಗಿ ಹೊರಬರುತ್ತವೆ. ಷಡ್ಜ 440 ಹರ್ಟ್ಸ್, ಗಾಂಧಾರ 554 ಹರ್ಟ್ಸ್ ಎಂದಿಟ್ಟುಕೊಳ್ಳಿ, ವ್ಯತ್ಯಾಸ 114. ಎರಡು ಸ್ಥಾಯಿ ಕೆಳಗಿನ ಷಡ್ಜ 110ರಲ್ಲಿದೆ, ಅದರ ಪಕ್ಕದ ಸ್ವರ 116.5ರಲ್ಲಿದೆ. ನಡುವೆ ಎಲ್ಲೂ ಸಲ್ಲದೆ ಗೊರಗುಟ್ಟುವ ಈ 114 ಇಡೀ ಹಾಡಿಗೆ ಕೆಸರೆರಚುತ್ತದೆ. ಎರಡು ಗಿಟಾರು, ಎರಡು ಆಂಪ್ಲಿಫೈಯರ್ ಇದ್ದರೆ ಒಂದೊಂದು ಸ್ವರವೂ ತನ್ನ ಪೆಟ್ಟಿಗೆಯಲ್ಲೇ ಒರಟಾಗಿ, ಗಾಳಿಯಲ್ಲಿ ಮಾತ್ರ ಕೂಡುತ್ತದೆ, ಕೆಸರಿಲ್ಲ. ಆಮೇಲೆ ಉಳಿಯುವ ಕಷ್ಟ ಮನುಷ್ಯರದು. ತಂತಿಯನ್ನು ಎಳೆದು ಸ್ವರ ಏರಿಸುವಾಗ ಇಬ್ಬರೂ ಒಂದೇ ಗಳಿಗೆಗೆ, ಒಂದೇ ವೇಗದಲ್ಲಿ ಗುರಿ ಮುಟ್ಟಬೇಕು; ಕಂಪನವೂ ಒಂದೇ ಅಗಲದ್ದಾಗಿರಬೇಕು. ಒಬ್ಬ ಒಂದಿಷ್ಟು ಮೊದಲೇ ತಲುಪಿದರೂ ಜೊತೆಗಾನ ಹೋಗಿ ಜಗಳ ಕೇಳಿಸುತ್ತದೆ.

ಇನ್ನು ಪ್ರಭಾವ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನುಡಿಸಿತಲ್ಲ, ಅವತ್ತು ಧೂಳಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡ ಆ ಜೋಡಿ ಗಿಟಾರಿನ ಏರಿಳಿತ ಇದೇ ಅಂಗಡಿಯ ಸರಕು. ಆ ತಂಡದ ಯಜಮಾನ ಸ್ಟೀವ್ ಹ್ಯಾರಿಸ್ ವಿಷ್‌ಬೋನ್ ಆ್ಯಶ್ ಮತ್ತು ಥಿನ್ ಲಿಜ್ಜಿಯ ಸಾಲವನ್ನು ಬಾಯಿಬಿಟ್ಟು ಒಪ್ಪಿಕೊಂಡವರು. ಸಾಲ ಪಡೆದವನೇ ಪತ್ರ ಬರೆದುಕೊಟ್ಟರೂ ಕಚೇರಿಗೆ ಸಾಕ್ಷಿ ಸಾಲದು.

ಸಾಲಗಾರರಲ್ಲಿ ಮೆಟಾಲಿಕಾ ಎಂಬ ಅಮೆರಿಕದ ಮೆಟಲ್ ತಂಡದ ಕಥೆ ಇನ್ನೂ ಸೊಗಸು. 1972ರ ಕೊನೆಗೆ ಥಿನ್ ಲಿಜ್ಜಿ 'ವಿಸ್ಕಿ ಇನ್ ದ ಜಾರ್' ಎಂಬ ಹಳೆಯ ಐರಿಷ್ ಜನಪದ ಹಾಡನ್ನು ವಿದ್ಯುತ್ ಗಿಟಾರಿಗೆ ಅಳವಡಿಸಿ ರೆಕಾರ್ಡು ಹೊರತಂದಿತು. ದಾರಿಗಳ್ಳನೊಬ್ಬನ ಹಾಡು. ಅದಕ್ಕೊಂದು ಗಿಟಾರಿನ ಮೊದಲ ಸಾಲು ಬೇಕಾಗಿತ್ತು; ತಂಡದ ಆಗಿನ ಗಿಟಾರಿಗ ಎರಿಕ್ ಬೆಲ್ ಹೊಸೆದುಕೊಟ್ಟ. ಬ್ರಿಟನ್ನಿನ ಪಟ್ಟಿಯಲ್ಲಿ ಹಾಡು 6ನೇ ಸ್ಥಾನ ಮುಟ್ಟಿತು. 1998ರಲ್ಲಿ ಮೆಟಾಲಿಕಾ ಅದೇ ಅಳವಡಿಕೆಯನ್ನು, ಅದೇ ಗಿಟಾರಿನ ಸಾಲನ್ನು ಹಿಡಿದು, ದನಿಯನ್ನಷ್ಟೇ ದಪ್ಪ ಮಾಡಿ ಮತ್ತೆ ನುಡಿಸಿತು. 2000ದಲ್ಲಿ ಅದಕ್ಕೆ ಅತ್ಯುತ್ತಮ ಹಾರ್ಡ್ ರಾಕ್ ಪ್ರದರ್ಶನದ ಗ್ರ್ಯಾಮಿ ಬಂತು. ದಾರಿಗಳ್ಳನ ಹಾಡಿಗೆ ತಕ್ಕ ಗತಿ ಎನ್ನಬೇಕು. 2009ರಲ್ಲಿ ಮೆಟಾಲಿಕಾ ಹಾಲ್ ಆಫ್ ಫೇಮ್ ಕೂಡ ಹೊಕ್ಕಿತು. ಅಡಿಗೆ ಮಾಡಿದವರು ಹೊರಗೆ ಸರದಿಯಲ್ಲಿದ್ದಾರೆ, ಬಡಿಸಿಕೊಂಡವರು ಒಳಗೆ ಎಲೆ ಮುಂದೆ ಕೂತಿದ್ದಾರೆ.

ಗ್ರ್ಯಾಮಿಯವರ ಕಿವಿಯ ಬಗ್ಗೆಯೂ ಒಂದು ಮಾತು. 1989ರಲ್ಲಿ ಮೊಟ್ಟಮೊದಲ ಬಾರಿಗೆ ಹಾರ್ಡ್ ರಾಕ್ ಮತ್ತು ಮೆಟಲ್‌ಗೆಂದೇ ಒಂದು ಬಹುಮಾನ ಇಟ್ಟರು. ಮೆಟಾಲಿಕಾಕ್ಕೇ ಎಂದು ಎಲ್ಲರೂ ಎಣಿಸಿದ್ದರು. ಹೋದದ್ದು ಜೆತ್ರೊ ಟಲ್ ತಂಡಕ್ಕೆ. ಅದರ ನಾಯಕ ನುಡಿಸುವುದು ಕೊಳಲು. ಗೆಲ್ಲುವ ಸಂಭವವೇ ಇಲ್ಲವೆಂದು ತಂಡದವರು ಸಮಾರಂಭಕ್ಕೂ ಬಂದಿರಲಿಲ್ಲ. ಆಮೇಲೆ ಅವರ ರೆಕಾರ್ಡ್ ಕಂಪನಿ, ಕೊಳಲೂ ಭಾರವಾದ ಲೋಹದ ವಾದ್ಯವೇ ಎಂಬರ್ಥದ ಜಾಹೀರಾತು ಕೊಟ್ಟು ಮಾನ ಉಳಿಸಿಕೊಂಡಿತು.

ಕ್ಲೀವ್‌ಲ್ಯಾಂಡಿಗೆ ವಾಪಸು ಬರೋಣ. ಅಲ್ಲಿ ಪ್ರಜೆಗಳಿಗೂ ಮತವಿದೆ, 2012ರಿಂದ. ಅಂತರ್ಜಾಲದಲ್ಲಿ ದಿನಕ್ಕೊಂದರಂತೆ ಓಟು ಒತ್ತಬಹುದು. ಒತ್ತಿದ್ದೆಲ್ಲವನ್ನೂ ಕೂಡಿಸಿ, ಮೊದಲ ಕೆಲವು ಸ್ಥಾನ ಪಡೆದವರ ಹೆಸರನ್ನು ಒಂದು ಮತಪತ್ರದಲ್ಲಿ ಬರೆಯುತ್ತಾರೆ. ಒಂದೇ ಮತಪತ್ರ. ಅದನ್ನು ಒಯ್ದು ಸಂಗೀತಗಾರರು, ಇತಿಹಾಸಕಾರರು, ಉದ್ಯಮದವರು ತುಂಬಿದ ಸಾವಿರಕ್ಕೂ ಹೆಚ್ಚು ಮತಪತ್ರಗಳ ರಾಶಿಯೊಳಗೆ ಸೇರಿಸುತ್ತಾರೆ. ಅದರ ಕೆಳಗಿನ ಸ್ಥಾನಕ್ಕೆ ಬಿದ್ದವರ ಅಭಿಮಾನಿಗಳು ಒತ್ತಿದ ಓಟೆಲ್ಲ ಬೆರಳಿನ ವ್ಯಾಯಾಮ. 2020ರಲ್ಲಿ ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಹತ್ತು ಲಕ್ಷಕ್ಕೂ ಹೆಚ್ಚು ಓಟು ಪಡೆದು ಪ್ರಜೆಗಳ ಪಟ್ಟಿಯಲ್ಲಿ ಮೊದಲು ನಿಂತಿತು. ಆ ವರ್ಷ ಒಳಗೆ ಹೋಗಲಿಲ್ಲ. ಹತ್ತು ಲಕ್ಷ ಓಟು ಕರಗಿ ಒಂದು ಚೀಟಿಯಾಯಿತು, ಚೀಟಿ ಸಾವಿರದಲ್ಲಿ ಕರಗಿ ಏನೂ ಆಗಲಿಲ್ಲ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎನ್ನುತ್ತಾರಲ್ಲ, ಇಲ್ಲಿ ಮಜ್ಜಿಗೆಯನ್ನು ತಂದವರು ಹತ್ತು ಲಕ್ಷದ ಲೆಕ್ಕದಲ್ಲಿ.

ಅದೇ 2020ರ ಸಾಲಿನಲ್ಲಿ ಟಿ. ರೆಕ್ಸ್ ತಂಡ ಒಳಗೆ ಹೋಯಿತು. ಒಳ್ಳೆಯ ತಂಡ, ತಕರಾರಿಲ್ಲ. ಆದರೆ ಥಿನ್ ಲಿಜ್ಜಿಯ ವಿರುದ್ಧ ಮೊದಲಿಂದ ಹೇಳಿಕೊಂಡು ಬಂದ ದೂರು ಒಂದೇ: ಅಮೆರಿಕದಲ್ಲಿ ಇವರದ್ದು ಒಂದೇ ಹಿಟ್ ಹಾಡು. ನಿಜ, 1976ರ ಆ ಒಂದು ಹಾಡು, 'ದ ಬಾಯ್ಸ್ ಆರ್ ಬ್ಯಾಕ್ ಇನ್ ಟೌನ್', ಅಲ್ಲಿ 12ನೇ ಸ್ಥಾನ ಮುಟ್ಟಿತು. ಬೇರೆ ಯಾವುದೂ ಮೊದಲ ನಲವತ್ತರೊಳಗೆ ಬರಲಿಲ್ಲ. ಟಿ. ರೆಕ್ಸ್ ಹಾಡುಗಳಲ್ಲೂ ಅಮೆರಿಕದ ಮೊದಲ ನಲವತ್ತರೊಳಗೆ ಬಂದದ್ದು ಒಂದೇ, 1972ರಲ್ಲಿ, 10ನೇ ಸ್ಥಾನಕ್ಕೆ. ಎರಡು ಮೆಟ್ಟಿಲಿನ ಅಂತರದಲ್ಲಿ ಒಬ್ಬರು ಅಮರರು, ಇನ್ನೊಬ್ಬರು ಅರ್ಜಿದಾರರು.

ಅರ್ಜಿದಾರರ ಕಡೆಯೂ ತಪ್ಪಿಲ್ಲವೆಂದಲ್ಲ. ಅಮೆರಿಕ ಗೆಲ್ಲಬೇಕಾದರೆ ಅಲ್ಲಿ ಊರೂರು ತಿರುಗಿ ನುಡಿಸಬೇಕು. 1976ರಲ್ಲಿ ಹಾಡು ಏರುತ್ತಿದ್ದ ಹೊತ್ತಿಗೆ ಸರಿಯಾಗಿ ತಂಡದ ಹಾಡುಗಾರ, ಬಾಸ್ ವಾದಕ, ಕವಿ ಎಲ್ಲವೂ ಆದ ಫಿಲ್ ಲೈನಾಟ್‌ಗೆ ಹೆಪಟೈಟಿಸ್ ಬಂತು, ಪ್ರವಾಸ ರದ್ದು. ಅದೇ ವರ್ಷದ ಕೊನೆಗೆ ಮತ್ತೊಂದು ಪ್ರವಾಸಕ್ಕೆ ಹೊರಡುವ ಮುನ್ನಾದಿನ ರಾಬರ್ಟ್‌ಸನ್ ಲಂಡನ್ನಿನ ಕ್ಲಬ್ಬಿನ ಜಗಳದಲ್ಲಿ ಕೈ ಕುಯ್ಸಿಕೊಂಡ, ಅದೂ ರದ್ದು. 1979ರಲ್ಲಿ ಪ್ರವಾಸದ ನಡುವೆಯೇ ಗಿಟಾರಿಗ ಗ್ಯಾರಿ ಮೂರ್ ತಂಡ ಬಿಟ್ಟ. ಮದುವೆ ಮಂಟಪಕ್ಕೆ ಹೊರಟಾಗಲೆಲ್ಲ ಒಬ್ಬೊಬ್ಬರು ಸೀನಿದ ಹಾಗೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ತೊಡಕಿದೆ: ನಾಳೆ ಕಚೇರಿ ಮನಸ್ಸು ಮಾಡಿದರೂ ಒಳಗೆ ಕರೆಯುವುದು ಯಾರನ್ನು? ಡ್ರಮ್ಸ್‌ನ ಬ್ರಿಯಾನ್ ಡೌನಿ ಮತ್ತು ಲೈನಾಟ್ ಇಬ್ಬರೇ ಉದ್ದಕ್ಕೂ ಇದ್ದವರು. ಗಿಟಾರಿನ ಕುರ್ಚಿಯಲ್ಲಿ ಎರಿಕ್ ಬೆಲ್, ಗೋರಮ್, ರಾಬರ್ಟ್‌ಸನ್, ಬಂದು ಹೋಗಿ ಬಂದ ಗ್ಯಾರಿ ಮೂರ್, ಸ್ನೋಯಿ ವೈಟ್, ಜಾನ್ ಸೈಕ್ಸ್. ಕೀಬೋರ್ಡಿಗೆ ಡ್ಯಾರೆನ್ ವಾರ್ಟನ್. ಈ ಬಗೆಯ ಪಟ್ಟಿಯನ್ನು ಕ್ಲೀವ್‌ಲ್ಯಾಂಡ್ ಹೇಗೆ ಕತ್ತರಿಸುತ್ತದೆಂಬುದಕ್ಕೆ 2016ರ ಡೀಪ್ ಪರ್ಪಲ್ ಪ್ರಕರಣ ನೋಡಿ. ಆ ತಂಡದ ಮೊದಲ ಮೂರು ಆಲ್ಬಮ್ಮುಗಳಲ್ಲಿ ರಾಡ್ ಇವಾನ್ಸ್ ಹಾಡಿದ್ದ, ನಿಕ್ ಸಿಂಪರ್ ಬಾಸ್ ನುಡಿಸಿದ್ದ. ಇಬ್ಬರನ್ನೂ 1969ರಲ್ಲಿ ಒಟ್ಟಿಗೇ ಹೊರಹಾಕಿದರು. 1980ರಲ್ಲಿ ಇವಾನ್ಸ್ ಡೀಪ್ ಪರ್ಪಲ್ ಹೆಸರಿಟ್ಟುಕೊಂಡು ನಕಲಿ ತಂಡದೊಂದಿಗೆ ಊರು ಸುತ್ತಿ, ಕೋರ್ಟಿನಲ್ಲಿ ಸೋತು ಭಾರೀ ದಂಡ ಹೇರಿಸಿಕೊಂಡು, ಆಮೇಲೆ ಸಾರ್ವಜನಿಕರ ಕಣ್ಣಿಗೇ ಬೀಳದಂತಾದ. ಹಾಲ್ ಆಫ್ ಫೇಮ್ ಇವಾನ್ಸ್‌ನನ್ನು ಸೇರಿಸಿಕೊಂಡಿತು, ಸಿಂಪರ್‌ನನ್ನು ಬಿಟ್ಟಿತು. ಒಂದೇ ಮೂರು ಆಲ್ಬಮ್ಮು, ಒಂದೇ ಅವಧಿ, ಒಂದೇ ದಿನಗಳ ಕೂಲಿ. ಬಹುಶಃ ಬಾಸ್ ಕೇಳಿಸದ ಸ್ಪೀಕರಿನಲ್ಲಿ ಸಮಿತಿ ಪರಿಶೀಲನೆ ನಡೆಸಿರಬೇಕು. ಇದೇ ಸೂತ್ರ ಹಿಡಿದರೆ ದಾರಿಗಳ್ಳನ ಹಾಡಿಗೆ ಮೊದಲ ಸಾಲು ಹೊಸೆದ ಎರಿಕ್ ಬೆಲ್ ತನ್ನ ಹೆಸರಿಗೆ ಈಗಲೇ ಎರಡು ಪ್ರತಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳುವುದು ಮೇಲು.

ಪಕ್ಕದ ಬಾಗಿಲಿನಿಂದ ನುಸುಳುವ ದಾರಿಯೂ ಇದೆ. ಜೂಡಾಸ್ ಪ್ರೀಸ್ಟ್ ಎಂಬ ಮೆಟಲ್ ತಂಡ ಮೂರು ಸಲ ಮತಪತ್ರದಲ್ಲಿ ಸೋತು, 2022ರಲ್ಲಿ 'ಸಂಗೀತ ಶ್ರೇಷ್ಠತೆ' ಎಂಬ ಬೇರೆ ಬಹುಮಾನದ ಹೆಸರಿನಲ್ಲಿ ಒಳಸೇರಿತು. ಅಂದರೆ ಶ್ರೇಷ್ಠರು ಹೌದು, ಆದರೆ ಮುಖ್ಯದ್ವಾರದಷ್ಟು ಶ್ರೇಷ್ಠರಲ್ಲ. ಅದೇ ವರ್ಷ ಡಾಲಿ ಪಾರ್ಟನ್ ನಾನು ರಾಕ್ ಹಾಡುಗಾರ್ತಿಯೇ ಅಲ್ಲ, ನನ್ನ ಹೆಸರು ತೆಗೆಯಿರಿ ಎಂದು ಕೈಮುಗಿದರೂ ಬಿಡದೆ ಮುಖ್ಯದ್ವಾರದಿಂದಲೇ ಕರೆದೊಯ್ದರು.

ಅಭಿಮಾನಿಗಳೂ ಕಡಿಮೆಯವರಲ್ಲ ಬಿಡಿ. ಥಿನ್ ಲಿಜ್ಜಿಯ ಹೆಸರು ಬಂದಲ್ಲೆಲ್ಲ 'ಅಂಡರ್‌ರೇಟೆಡ್' ಎಂಬ ಪದವಿಯನ್ನು ಎಷ್ಟು ಮಂದಿ ಎಷ್ಟು ಸಲ ಕೊಟ್ಟಿದ್ದಾರೆಂದರೆ, ಇಷ್ಟು ದೊಡ್ಡ ಗುಂಪು ಗುರುತಿಸಿದ ಮೇಲೂ ಗುರುತಿಗೆ ಬಾರದೆ ಉಳಿಯುವುದು ಒಂದು ಸಾಧನೆಯೇ. ಅವರ ಊರಿನವರು ಮಾತ್ರ ಮತಪತ್ರಕ್ಕೆ ಕಾಯಲಿಲ್ಲ. 2005ರಲ್ಲಿ ಡಬ್ಲಿನ್ನಿನ ಹ್ಯಾರಿ ಬೀದಿಯಲ್ಲಿ ಲೈನಾಟ್‌ನ ಕಂಚಿನ ಪ್ರತಿಮೆ ನಿಲ್ಲಿಸಿದರು. 2013ರಲ್ಲಿ ಯಾರೋ ಅದನ್ನು ಕೆಡವಿದರು, ರಿಪೇರಿ ಮಾಡಿಸಿ ಮತ್ತೆ ನಿಲ್ಲಿಸಿದರು. 2019ರಲ್ಲಿ ಐರ್ಲೆಂಡಿನ ಕೇಂದ್ರ ಬ್ಯಾಂಕು ಅವನ 70ನೇ ಹುಟ್ಟುಹಬ್ಬಕ್ಕೆ 15 ಯೂರೊ ಮುಖಬೆಲೆಯ ಬೆಳ್ಳಿ ನಾಣ್ಯ ಟಂಕಿಸಿತು. ರಿಸರ್ವ್ ಬ್ಯಾಂಕಿನ ದರ್ಜೆಯ ಕಚೇರಿಯೊಂದು ಹಾರ್ಡ್ ರಾಕಿನವನನ್ನು ಕಾನೂನುಬದ್ಧ ಹಣವೆಂದು ಒಪ್ಪಿಕೊಂಡ ಆ ವರ್ಷವೇ, ಅಕ್ಟೋಬರಿನಲ್ಲಿ, ಕ್ಲೀವ್‌ಲ್ಯಾಂಡಿನವರು ಅವನ ಫೈಲಿನ ಧೂಳು ಕೊಡವಿದ್ದು.

ಫೈಲಿನ ಕೊನೆಯ ಹಾಳೆಯಲ್ಲಿ ಎರಡು ತಾರೀಖುಗಳಿವೆ. ಹಾಲ್ ಆಫ್ ಫೇಮ್‌ನ ಮೊಟ್ಟಮೊದಲ ಸನ್ಮಾನದ ಔತಣ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ನಡೆದದ್ದು 1986ರ ಜನವರಿ 23ರಂದು. ಫಿಲ್ ಲೈನಾಟ್ 36ನೇ ವಯಸ್ಸಿಗೆ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡದ್ದು ಅದೇ ಜನವರಿ 4ರಂದು. ಕಚೇರಿ ತೆರೆಯುವುದಕ್ಕೆ 19 ದಿನ ಮೊದಲೇ ಅರ್ಜಿದಾರ ಗೈರು.