ಎರೆಮಣ್ಣಿನ ಹಿತ್ತಲು
ಮಳೆಗಾಲದಲ್ಲಿ ಕಪ್ಪು ಎರೆಮಣ್ಣಿಗೆ ಚಪ್ಪಲಿ ಹಾಕಿಕೊಂಡು ಇಳಿಯಬಾರದು ಅಂತ ಹುಬ್ಬಳ್ಳಿಯಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ನಾವು ಶಿರಸಿ ಕಡೆಯವರು, ಎಷ್ಟೇ ಮಳೆ ಹೊಯ್ದರೂ ನೀರು ಇಳಿದುಹೋಗುವ ಕೆಂಪು ಮಣ್ಣಿನಲ್ಲಿ ಬೆಳೆದವರು. ನಮ್ಮ ಮನೆಯವರು ಮೆಂತ್ಯದ ಮಡಿ ನೋಡಲು ಹೋದರು. ಬಲಗಾಲು ಎತ್ತಿದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಅದನ್ನು ಕೀಳಲು ಬಗ್ಗಿದಾಗ ಎಡಗಾಲು ಮೊಣಕಾಲಿನ ಹತ್ತಿರದವರೆಗೆ ಇಳಿಯಿತು. ಪಕ್ಕದ ಮನೆ ಅಮ್ಮ ಕಾಂಪೌಂಡಿನ ಆಚೆಯಿಂದ ಇದನ್ನೆಲ್ಲ ನೋಡಿ ಶಾಂತವಾಗಿ ಹೇಳಿದರು: "ಅದನ್ನ ಅಲ್ಲೇ ಬಿಟ್ಟ ಬರ್ರೀ, ಬ್ಯಾಸಿಗ್ಯಾಗ ಸಿಗತೈತಿ."

ಸಿಕ್ಕಿತು ಕೂಡ, ಏಪ್ರಿಲ್‌ನಲ್ಲಿ, ಸುತ್ತಿಗೆ ಹಿಡಿದು ಬಿಡಿಸಿದ ಮೇಲೆ. ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಅಂದರೆ ನಿಮ್ಮ ಗೋಡೆಯ ಬಿರುಕಲ್ಲ. ನಮ್ಮ ಗೇಟಿನ ಬೀಗದ ಕೈ ಬಿದ್ದದ್ದು ಪೊರಕೆ ಕಡ್ಡಿಗೂ ಸಿಗಲಿಲ್ಲ.

ಬುದ್ಧಿ ಹೇಳುವವರಿಗಂತೂ ಬರವಿಲ್ಲ. ಮನೆ ರಿಪೇರಿಗೆ ಬಂದ ಮೇಸ್ತ್ರಿ, "ಎರಡ ಬುಟ್ಟಿ ಉಸುಕ ಹಾಕ್ರಿ, ಹಗುರ ಆಗತೈತಿ" ಅಂದ. ಇದನ್ನು ಮಾತ್ರ ಕೇಳಬೇಡಿ. ಎರೆಮಣ್ಣಿನಲ್ಲಿ ಎಷ್ಟೋ ಕಡೆ ಅರ್ಧದಷ್ಟು ಜೇಡಿಯೇ ಇರುತ್ತದೆ. ಅದರ ಗುಣ ಬದಲಾಗಬೇಕಾದರೆ ಲಾರಿಗಟ್ಟಲೆ ಉಸುಕು ಬೇಕು. ಸ್ವಲ್ಪ ಹಾಕಿದರೆ ಉಸುಕಿನ ಸಂದಿಗೆ ಜೇಡಿ ತುಂಬಿಕೊಂಡು ಇನ್ನೂ ಗಟ್ಟಿ. ಗೊಬ್ಬರದ ಅಂಗಡಿಯವರು ಜಿಪ್ಸಂ ಅಂದರು. ಅದು ಸೋಡಿಯಂ ಜಾಸ್ತಿ ಇರುವ ಚೌಳು ಮಣ್ಣಿಗೆ ಮದ್ದು, ಮಣ್ಣು ಪರೀಕ್ಷೆ ಮಾಡಿಸದೆ ಸುಮ್ನೆ ಯಾಕೆ ಸುರಿಯಬೇಕು ಅಲ್ವಾ?

ಕೆಲಸಕ್ಕೆ ಬಂದದ್ದು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ. ಎರಡು ಮೂರು ಇಂಚು ಹರಡಿ ಮೇಲಿನ ಅರ್ಧ ಅಡಿಗೆ ಬೆರೆಸುವುದು, ವರ್ಷ ವರ್ಷವೂ. ಅಗೆಯಲು ಹದ ನೋಡಬೇಕು. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಹೆಬ್ಬೆರಳಿಂದ ಒತ್ತಿ. ಪುಡಿಯಾದರೆ ಸಲಿಕೆ ತನ್ನಿ, ಬರೀ ಬೆರಳಿನ ಗುರುತು ಮೂಡಿದರೆ ಒಳಗೆ ಹೋಗಿ ಚಹಾ ಕುಡಿಯಿರಿ. ಹಸಿಯಿದ್ದಾಗ ತುಳಿದರೂ ಅಗೆದರೂ ಒಣಗಿದ ಮೇಲೆ ಹೆಂಟೆಗಳೇ ಗತಿ. ಹದ ಇರುವುದು ಮಳೆ ನಿಂತ ಮೇಲೆ ಕೆಲವೇ ದಿನ, ನೆಂಟರು ಬರುವುದೂ ಸರಿಯಾಗಿ ಆಗಲೇ.

ಆಮೇಲೆ ಮಡಿ ಏರಿಸಿದೆವು, ನೀರು ನಿಲ್ಲದ ಹಾಗೆ. ಮೇಲೆ ಹೊದಿಸಲು ಎಣ್ಣೆ ಮಿಲ್ಲಿನಿಂದ ಶೇಂಗಾ ಸಿಪ್ಪೆ ತಂದು ಹಾಕಿದೆವು. ಅದರಲ್ಲಿ ಉಳಿದ ಕಾಳು ಹುಡುಕಿಕೊಂಡು ಓಣಿಯ ಅಳಿಲುಗಳೆಲ್ಲ ಬಂದು ಮಡಿಯನ್ನು ಪುಕ್ಕಟೆ ಕೆದಕಿ ಹೋದವು, ಜೊತೆಗೆ ಬದನೆ ಸಸಿಗಳನ್ನೂ. ಆದರೂ ಈ ಮಣ್ಣನ್ನು ಬೈಯಲು ಮನಸ್ಸಾಗುವುದಿಲ್ಲ. ತೇವ ಹಿಡಿದಿಟ್ಟುಕೊಂಡು, ಮಳೆ ಇಲ್ಲದೆಯೂ ಹಿಂಗಾರಿ ಜೋಳ, ಕಡಲೆ ಬೆಳೆಸುವ ಮಣ್ಣು ಇದು. ಮೂಲಂಗಿ ಕಂಡರೆ ಮಾತ್ರ ಇದಕ್ಕೆ ಆಗುವುದಿಲ್ಲ. ಮೊದಲ ಬೆಳೆಯಲ್ಲಿ ಒಂದು ಮೂಲಂಗಿ ಅರ್ಧ ಗೇಣು ಇಳಿದು, ಮುಂದೆ ದಾರಿ ಕಾಣದೆ ಪಕ್ಕದ ಮೂಲಂಗಿಗೆ ಸುತ್ತಿಕೊಂಡಿತ್ತು.

ಮೊನ್ನೆ ಮಣ್ಣೆತ್ತಿನ ಅಮವಾಸ್ಯೆಗೆ ಓಣಿಯ ಹುಡುಗರು ಎತ್ತು ಮಾಡಲು ಮಣ್ಣು ಕೇಳಿಕೊಂಡು ಬಂದರು. ಪ್ರತಿ ವರ್ಷ ನಮ್ಮ ಹಿತ್ತಲಿಂದಲೇ ಒಯ್ಯುತ್ತಾರೆ. ಸ್ವಲ್ಪ ಹೊತ್ತಿಗೆಲ್ಲ ಕೊಂಬಿಲ್ಲದ ಎತ್ತು ಹಿಡಿದು ವಾಪಸ್ ಬಂದರು. "ಆಂಟೀ, ಕೋಡ ನಿಲ್ಲವಲ್ದರೀ, ನಿಮ್ಮ ಮಣ್ಣ ಕೆಟ್ಟೈತ್ರಿ!"

ಗೊಬ್ಬರ ಮುಟ್ಟದ ಮೂಲೆ ತೋರಿಸಿ ಕಳಿಸಿದೆ. ಬೀಗದ ಕೈ ಸಿಕ್ಕರೆ ಕೊಡಿ ಅಂತಲೂ ಹೇಳಿದ್ದೇನೆ.