ಸತ್ತ ಮೇಲೆ ಬಾ

ಅಮೆರಿಕದ ಬೇಸ್‌ಬಾಲ್‌ನಲ್ಲಿ ಹೆಸರು ಕೆಡಿಸಿಕೊಂಡವರಿಗೆ ಒಂದು ಒಳ್ಳೆಯ ಸುದ್ದಿ ಇದೆ. ಮುಖಕ್ಕೆ ಬಿದ್ದ ಮಸಿ ತೊಳೆದುಕೊಳ್ಳೋಕೆ ಈಗ ಅಧಿಕೃತ ದಾರಿ ಸಿಕ್ಕಿದೆ. ಜಾಸ್ತಿ ಏನೂ ಮಾಡಬೇಕಿಲ್ಲ. ಸತ್ತರೆ ಸಾಕು.

ತಮಾಷೆ ಅಲ್ಲ. 2025ರ ಮೇ 13ರಂದು ಮೇಜರ್ ಲೀಗ್ ಬೇಸ್‌ಬಾಲ್‌ನ ಕಮಿಷನರ್ ರಾಬ್ ಮ್ಯಾನ್‌ಫ್ರೆಡ್ ಒಂದು ತೀರ್ಪು ಕೊಟ್ಟರು. ಆಟದಿಂದ ಕಾಯಂ ಆಗಿ ಹೊರಹಾಕಿದವರ ಶಿಕ್ಷೆ ಅವರ ಸಾವಿನೊಂದಿಗೆ ಮುಗಿಯುತ್ತದಂತೆ. ಕಾರಣವನ್ನೂ ಬರೆದಿದ್ದಾರೆ. ನಮ್ಮ ನಡುವೆ ಇಲ್ಲದ ವ್ಯಕ್ತಿಯಿಂದ ಆಟದ ಪ್ರಾಮಾಣಿಕತೆಗೆ ಅಪಾಯ ಇರೋಕೆ ಸಾಧ್ಯವಿಲ್ಲ ಅಂತ. ಎಷ್ಟು ಸರಿಯಾದ ಮಾತು! ಹೆಣವೊಂದು ಬುಕ್ಕಿಗೆ ಫೋನ್ ಮಾಡಿದ ಉದಾಹರಣೆ ಬೇಸ್‌ಬಾಲ್ ಚರಿತ್ರೆಯಲ್ಲೇ ಇಲ್ಲ.

ಈ ಯೋಜನೆಯ ಮುಖ್ಯ ಫಲಾನುಭವಿ ಪೀಟ್ ರೋಸ್. 2024ರ ಸೆಪ್ಟೆಂಬರ್ 30ರಂದು, 83ನೇ ವಯಸ್ಸಿನಲ್ಲಿ, ಲಾಸ್ ವೇಗಸ್‌ನಲ್ಲಿ ತೀರಿಕೊಂಡ. ಅದಕ್ಕೂ ಮುಂಚೆ 35 ವರ್ಷ ಆಟದ ಬಾಗಿಲು ತಟ್ಟಿದ್ದ. ಒಬ್ಬೊಬ್ಬರೇ ಕಮಿಷನರ್ ಬದಲಾದರು, ಬಾಗಿಲು ತೆಗೆಯಲಿಲ್ಲ. 2015ರಲ್ಲಿ ಇದೇ ಮ್ಯಾನ್‌ಫ್ರೆಡ್ಡೇ ಅರ್ಜಿ ತಿರಸ್ಕರಿಸಿದ್ದರು. ನಮ್ಮ ಕಡೆ ಒಂದು ಕಾಲದಲ್ಲಿ ದೆವ್ವ ಓಡಿಸೋಕೆ ಮನೆ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರಲ್ಲ, ದೆವ್ವ ಪಾಪ ಅದನ್ನು ಓದಿಕೊಂಡು ವಾಪಸ್ ಹೋಗುತ್ತಿತ್ತು. ಇಲ್ಲಿ ಎಲ್ಲಾ ಉಲ್ಟಾ. ಮನುಷ್ಯನಾಗಿ ಬಂದಾಗ ವಾಪಸ್ ಕಳಿಸಿದರು. ದೆವ್ವ ಆದ ಮೇಲೆ ಬಾಗಿಲು ತೆಗೆದರು.

ಈತ ಯಾರು ಅಂತ ಕ್ರಿಕೆಟ್ ನೋಡೋ ನಮಗೆ ಸ್ವಲ್ಪ ಹೇಳಬೇಕು. ಬೇಸ್‌ಬಾಲ್‌ನಲ್ಲಿ ಚೆಂಡು ಬಾರಿಸಿ, ಔಟಾಗದೆ ಮೊದಲ ಬೇಸ್‌ (ಓಡಿ ಮುಟ್ಟಬೇಕಾದ ಗುರುತು) ವರೆಗಾದರೂ ತಲುಪಿದರೆ ಅದು ಒಂದು ಹಿಟ್. ರೋಸ್ ಹೊಡೆದದ್ದು 4,256 ಹಿಟ್. ಇವತ್ತಿಗೂ ಆ ಲೀಗ್‌ನಲ್ಲಿ ಅದನ್ನು ದಾಟಿದವರಿಲ್ಲ. ಬೇಸ್‌ಗೆ ಓಡುವಾಗ ಕಾಲು ಮುಂದೆ ಹಾಕಿ ಜಾರೋದು ಸುರಕ್ಷಿತ. ಈತ ತಲೆ ಮುಂದೆ ಮಾಡಿ ಹಾರುತ್ತಿದ್ದ. ಎದೆ ನೆಲಕ್ಕೆ ಉಜ್ಜಿಕೊಂಡು, ಮೈತುಂಬ ಮಣ್ಣು ಮಾಡಿಕೊಂಡು ಏಳುತ್ತಿದ್ದ. ಜನ ಹುಚ್ಚಾಗಿದ್ದು ಅದಕ್ಕೇ.

1985ರ ಸೆಪ್ಟೆಂಬರ್ 11ರ ರಾತ್ರಿ ಸಿನ್ಸಿನಾಟಿಯ ರಿವರ್‌ಫ್ರಂಟ್ ಸ್ಟೇಡಿಯಂನಲ್ಲಿ ಆತ ಟೈ ಕಾಬ್‌ನ ಹಳೆಯ ದಾಖಲೆ ಮುರಿದ. ಅದು 4,192ನೇ ಹಿಟ್. ಆಗ ವಯಸ್ಸು 44. ತಂಡಕ್ಕೆ ಆಟಗಾರನೂ ಅವನೇ, ಮ್ಯಾನೇಜರೂ (ಅಂದರೆ ಯಾರು ಆಡಬೇಕು ಅಂತ ತೀರ್ಮಾನಿಸೋನೂ) ಅವನೇ. ಏಳು ನಿಮಿಷ ಜನ ನಿಂತು ಚಪ್ಪಾಳೆ ತಟ್ಟಿದರು. ಮೊದಲ ಬೇಸ್‌ನಲ್ಲಿ ನಿಂತಿದ್ದ ಈ ಗಟ್ಟಿ ಆಸಾಮಿ ಅತ್ತುಬಿಟ್ಟ. ಮಗ ಓಡಿ ಬಂದು ತಬ್ಬಿಕೊಂಡ. ಮೈದಾನದೊಳಕ್ಕೆ ಒಂದು ಕೆಂಪು ಕಾರ್ವೆಟ್ ಕಾರು ಬಂತು. ನಂಬರ್ ಪ್ಲೇಟ್ ಮೇಲೆ ಪಿಆರ್ 4192. ಚೆಂಡು ಎಸೆದಿದ್ದ ಎರಿಕ್ ಶೋ, ಈ ಸಂಭ್ರಮ ಸದ್ಯಕ್ಕೆ ಮುಗಿಯೋದಿಲ್ಲ ಅಂತ ಗೊತ್ತಾಗಿ, ಪಿಚಿಂಗ್ ದಿಬ್ಬದ ಮೇಲೆ ಸುಮ್ನೆ ಕೂತುಬಿಟ್ಟ. ಇಡೀ ಸ್ಟೇಡಿಯಂನಲ್ಲಿ ಅವತ್ತು ತಲೆ ಸರಿಯಿದ್ದವನು ಅವನೊಬ್ಬನೇ ಅನ್ನಿಸುತ್ತೆ.

ನಾಲ್ಕು ವರ್ಷದಲ್ಲಿ ಕಥೆ ತಿರುಗಿತು. ಜಾನ್ ಡೌಡ್ ಎಂಬ ವಕೀಲರ ತನಿಖೆ ನಡೆಯಿತು. 1987ರಲ್ಲಿ ಮೂರೇ ತಿಂಗಳಲ್ಲಿ ರೋಸ್ ಬೇಸ್‌ಬಾಲ್ ಮೇಲೆ 412 ಬಾಜಿ ಕಟ್ಟಿದ್ದ, ಅದರಲ್ಲಿ 52 ತಾನೇ ಮ್ಯಾನೇಜರ್ ಆಗಿದ್ದ ಸಿನ್ಸಿನಾಟಿ ರೆಡ್ಸ್ ತಂಡದ ಮೇಲೆ ಅಂತ ವರದಿ ಹೇಳಿತು. 1989ರ ಆಗಸ್ಟ್‌ನಲ್ಲಿ ಕಾಯಂ ನಿಷೇಧ. ಮರುವರ್ಷ ತೆರಿಗೆ ಕಳ್ಳತನಕ್ಕೆ ಐದು ತಿಂಗಳ ಜೈಲು ಬೇರೆ.

ಅಭಿಮಾನಿಗಳ ವಾದ ಏನು ಗೊತ್ತಾ? 'ಅವನು ತನ್ನ ತಂಡ ಗೆಲ್ಲಲಿ ಅಂತಲೇ ಬಾಜಿ ಕಟ್ಟಿದ, ಸೋಲಲಿ ಅಂತ ಯಾವತ್ತೂ ಕಟ್ಟಲಿಲ್ಲ. ಇದು ಜೂಜಲ್ಲ, ಆತ್ಮವಿಶ್ವಾಸ.' ಆಯ್ತು ಮಾರಾಯರೇ. ಆದರೆ ಮ್ಯಾನೇಜರ್ ಸೋಮವಾರ ಬಾಜಿ ಕಟ್ಟಿ ಮಂಗಳವಾರ ಕಟ್ಟಲಿಲ್ಲ ಅಂದರೆ, ಮಂಗಳವಾರದ ಆಟದ ಬಗ್ಗೆ ಬುಕ್ಕಿಗೆ ಏನು ಸುದ್ದಿ ಹೋಯಿತು? ಇವತ್ತಿನ ಬಾಜಿ ಗೆಲ್ಲೋಕೆ ನಾಳೆ ಚೆಂಡು ಎಸೆಯಬೇಕಾದ ಪಿಚರ್‌ನ ತೋಳು ಇವತ್ತೇ ಸವೆಸಿದರೆ ಯಾರ ಗಂಟು ಹೋಯಿತು? ಆತ್ಮವಿಶ್ವಾಸ ಇರೋರು ತಂಡದ ಪಟ್ಟಿ ಬರೆದು ಸುಮ್ಮನಿರುತ್ತಾರೆ. ಬುಕ್ಕಿಗೆ ಫೋನ್ ಮಾಡಲ್ಲ.

ಇರಲಿ. ಆತ ಹದಿನೈದು ವರ್ಷ 'ಬೇಸ್‌ಬಾಲ್ ಮೇಲೆ ಬಾಜಿ ಕಟ್ಟಿಯೇ ಇಲ್ಲ' ಅಂದ. 2004ರಲ್ಲಿ 'ಕಟ್ಟಿದ್ದೆ' ಅಂದ. ಪಶ್ಚಾತ್ತಾಪ ಉಕ್ಕಿದ ಸಮಯವೂ, ಆತ್ಮಕಥೆ ಅಂಗಡಿಗೆ ಬಂದ ಸಮಯವೂ ಒಂದೇ ಆದದ್ದು ಕಾಕತಾಳೀಯ. ಆಮೇಲೆ 'ಬಾಜಿ ಕಟ್ಟಿದ್ದಕ್ಕೆ ಕ್ಷಮೆ ಇರಲಿ' ಅಂತ ಚೆಂಡಿನ ಮೇಲೆ ಬರೆದು, ಸಹಿ ಹಾಕಿ, ಮಾರಿದ. ಕ್ಷಮೆ ಕೇಳೋದರಲ್ಲೂ ಆದಾಯ ಇದೆ ಅಂತ ತೋರಿಸಿಕೊಟ್ಟ.

ಆದರೆ ನಾನು ನಗೋದು ಅವನನ್ನು ನೋಡಿ ಅಲ್ಲ. ಅವನು ಜೂಜುಕೋರ, ಜೂಜುಕೋರ ಮಾಡೋದನ್ನೇ ಮಾಡಿದ. ನಗು ಬರೋದು 'ಆಟ ಬೇರೆ, ಮನುಷ್ಯ ಬೇರೆ' ಅಂತ ತಕ್ಕಡಿ ಹಿಡಿದು ಕೂತ ದೊಡ್ಡವರನ್ನು ನೋಡಿ.

ನ್ಯೂಯಾರ್ಕ್ ರಾಜ್ಯದಲ್ಲಿ ಕೂಪರ್ಸ್‌ಟೌನ್ ಅಂತ ಒಂದು ಪುಟ್ಟ ಊರಿದೆ. ಬೇಸ್‌ಬಾಲ್‌ನ ಹಾಲ್ ಆಫ್ ಫೇಮ್ ಇರೋದು ಅಲ್ಲೇ. ಒಂದು ಕಡೆ ಮ್ಯೂಸಿಯಂ, ಇನ್ನೊಂದು ಕಡೆ ಮಹಾನ್ ಆಟಗಾರರ ಕಂಚಿನ ಫಲಕಗಳ ಸಾಲು. 1991ರಲ್ಲಿ, ಯಾರಿಗೆ ಫಲಕ ಅಂತ ಮತ ಹಾಕೋ ಪಟ್ಟಿಗೆ ರೋಸ್ ಹೆಸರು ಬರೋ ಸ್ವಲ್ಪ ಮುಂಚೆ, ನಿಷೇಧ ಇರೋರ ಹೆಸರು ಪಟ್ಟಿಯಲ್ಲೇ ಬರಬಾರದು ಅಂತ ಹೊಸ ನಿಯಮ ಮಾಡಿದರು. ಸರಿ. ಆದರೆ ಮ್ಯೂಸಿಯಂ ಕಡೆ ಅವನ ಬ್ಯಾಟು, ಬೂಟು ಎಲ್ಲಾ ಇವೆ! ಅಂದರೆ ಬೂಟಿಗೆ ಒಳಗೆ ಜಾಗ ಉಂಟು, ಅದನ್ನು ಹಾಕಿಕೊಂಡಿದ್ದ ಕಾಲಿಗೆ ಇಲ್ಲ. ಪ್ರತಿ ವರ್ಷ ಹೊಸಬರಿಗೆ ಫಲಕ ಹಾಕೋ ಸಮಾರಂಭಕ್ಕೆ ಜನ ಸೇರುವಾಗ ರೋಸ್ ಕೂಡ ಆ ಊರಿಗೆ ಬರುತ್ತಿದ್ದ. ಅದೇ ರಸ್ತೆಯ ಒಂದು ಅಂಗಡಿಯಲ್ಲಿ ಮೇಜು ಹಾಕಿಕೊಂಡು ದುಡ್ಡಿಗೆ ಸಹಿ ಹಾಕುತ್ತಿದ್ದ. ಒಳಗೆ ಬೂಟಿನ ದರ್ಶನ ಮಾಡಿ ಬಂದವರು ಹೊರಗೆ ಕಾಲಿನವನ ಹತ್ತಿರ ಕ್ಯೂ ನಿಲ್ಲೋರು. ಆಟವನ್ನೂ ಮನುಷ್ಯನನ್ನೂ ಇಷ್ಟು ಚೊಕ್ಕವಾಗಿ ಬೇರೆ ಮಾಡಿದ್ದು ಜಗತ್ತಿನಲ್ಲಿ ಇನ್ನೆಲ್ಲೂ ಇರಲಿಕ್ಕಿಲ್ಲ. ನಡುವೆ ಒಂದಷ್ಟು ಅಂಗಡಿಗಳು ಅಷ್ಟೇ.

ಅವನಿಗೆ ಹಾಲ್ ಆಫ್ ಫೇಮ್ ಸಿಗಲೇ ಇಲ್ಲ ಅಂದುಕೊಳ್ಳಬೇಡಿ. 2004ರಲ್ಲಿ ಸಿಕ್ಕಿತು. ಡಬ್ಲ್ಯುಡಬ್ಲ್ಯುಇ ಕುಸ್ತಿಯವರದ್ದು. ಅದಕ್ಕೂ ಮುಂಚೆ 1998ರಲ್ಲಿ ಬಾಸ್ಟನ್‌ನ ರೆಸಲ್‌ಮೇನಿಯಾದಲ್ಲಿ ಕೇನ್ ಎಂಬ ಮುಸುಕಿನ ದೈತ್ಯ ಇವನನ್ನು ತಲೆಕೆಳಗು ಮಾಡಿ ಕೆಡವಿದ್ದ. ಗೆಲ್ಲೋರು ಯಾರು, ಸೋಲೋರು ಯಾರು ಅಂತ ಮೊದಲೇ ಬರೆದಿಟ್ಟುಕೊಂಡು ಆಡೋ ಸಂಸ್ಥೆ ಅದು. ಅವರು ಯಾವ ಮುಜುಗರವೂ ಇಲ್ಲದೆ ಬಾಗಿಲು ತೆಗೆದರು. ಬೇಸ್‌ಬಾಲ್‌ಗಿಂತ ಅವರದೇ ಪ್ರಾಮಾಣಿಕ ವ್ಯವಹಾರ ಅಂತ ಒಂದೊಂದು ಸಲ ಅನ್ನಿಸುತ್ತದೆ.

ಇನ್ನು ನಿಷೇಧ ಅಂದರೂ ಪೂರಾ ನಿಷೇಧ ಏನಲ್ಲ. ಅದಕ್ಕೂ ರಜೆ ಇತ್ತು. 1999ರಲ್ಲಿ ಶತಮಾನದ ತಂಡ ಆರಿಸುವಾಗ ಅಟ್ಲಾಂಟದ ಮೈದಾನಕ್ಕೆ ಕರೆದರು. ಜನ ಕೂಗಿ ಕೂಗಿ ಗಂಟಲು ಹರಿದುಕೊಂಡರು. ಸಮಾರಂಭ ಮುಗೀತು, ನಿಷೇಧ ಮತ್ತೆ ಜಾರಿ. 2016ರಲ್ಲಿ ರೆಡ್ಸ್ ತಂಡ ಅವನ 14ನೇ ನಂಬರ್ ಜೆರ್ಸಿಯನ್ನು ಗೌರವದಿಂದ ನಿವೃತ್ತಿ ಮಾಡಿಸಿತು. 2017ರಲ್ಲಿ ಸ್ಟೇಡಿಯಂ ಹೊರಗೆ ತಲೆ ಮುಂದೆ ಮಾಡಿ ಹಾರುವ ಕಂಚಿನ ಪ್ರತಿಮೆ ನಿಲ್ಲಿಸಿತು. ನಿಲ್ಲಿಸಿತು ಅನ್ನೋದು ತಪ್ಪು, ಗಾಳಿಯಲ್ಲಿ ಮಲಗಿಸಿತು. ಟಿಕೆಟ್ ಮಾರಾಟದ ದಿನಗಳಲ್ಲಿ ಆಟ ಬೇರೆ, ಮನುಷ್ಯ ಬೇರೆ. ಉಳಿದ ದಿನ ಎರಡೂ ಒಂದೇ.

ಎಲ್ಲಕ್ಕಿಂತ ಸೊಗಸಾದ ಭಾಗ ಈಗ. ಬಾಜಿ ಕಟ್ಟಬಾರದು ಅನ್ನೋ 21ನೇ ನಿಯಮವನ್ನು ಪ್ರತಿ ತಂಡದ ಕೋಣೆಯಲ್ಲಿ ಗೋಡೆಗೆ ಅಂಟಿಸಿರಬೇಕು. 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕ್ರೀಡಾ ಬಾಜಿಗಿದ್ದ ಕೇಂದ್ರದ ತಡೆ ತೆಗೆದುಹಾಕಿತು. ಅದೇ ವರ್ಷ ಮುಗಿಯೋದರೊಳಗೆ ಮೇಜರ್ ಲೀಗ್ ಬೇಸ್‌ಬಾಲ್ ಎಂಜಿಎಂ ಕ್ಯಾಸಿನೊ ಕಂಪನಿಯ ಜೊತೆ ಕೈ ಕುಲುಕಿತ್ತು. ಅಧಿಕೃತ ಬಾಜಿ ಪಾಲುದಾರ! ಆಮೇಲೆ ವಾಷಿಂಗ್ಟನ್ ಮತ್ತು ಶಿಕಾಗೊದ ಸ್ಟೇಡಿಯಂಗಳಲ್ಲೇ ಬಾಜಿ ಕಟ್ಟೆಗಳು ಬಂದವು. ಈಗ ಗೋಡೆಯ ಒಳಬದಿಯಲ್ಲಿ 'ಸ್ವಂತ ಪಂದ್ಯದ ಮೇಲೆ ಬಾಜಿ ಕಟ್ಟಿದರೆ ಜೀವನಪರ್ಯಂತ ಹೊರಗೆ' ಅಂತ ನಿಯಮ. ಹೊರಬದಿಯಲ್ಲಿ 'ಬನ್ನಿ, ಬಾಜಿ ಕಟ್ಟಿ' ಅಂತ ದೀಪದ ಬೋರ್ಡು. ಒಹಾಯೊ ರಾಜ್ಯದಲ್ಲಿ ಇದು ಕಾನೂನುಬದ್ಧವಾದ 2023ರ ಜನವರಿ 1ರಂದು ಸಿನ್ಸಿನಾಟಿಯ ಕ್ಯಾಸಿನೊದಲ್ಲಿ ಮೊದಲ ಬಾಜಿ ಕಟ್ಟೋಕೆ ಯಾರನ್ನು ಕರೆದರು ಹೇಳಿ? ಪೀಟ್ ರೋಸ್. ಯಾರ ಮೇಲೆ ಕಟ್ಟಿದ? ರೆಡ್ಸ್ ಮೇಲೆ. ಈ ಸಲ ಕ್ಯಾಮೆರಾ ಇತ್ತು, ಚಪ್ಪಾಳೆ ಇತ್ತು.

ನಾವು ನಗೋ ಹಾಗಿಲ್ಲ ಬಿಡಿ. ಭಾರತ ತಂಡದ ಜೆರ್ಸಿಯ ಎದೆ ಮೇಲೆ 2023ರಿಂದ ಇದ್ದದ್ದು ದುಡ್ಡು ಕಟ್ಟಿ ಆಡೋ ಫ್ಯಾಂಟಸಿ ಆ್ಯಪ್‌ನ ಹೆಸರು. 2025ರ ಆಗಸ್ಟ್‌ನಲ್ಲಿ ಕಾನೂನು ಬಂದ ಮೇಲಷ್ಟೇ ಹೋಯಿತು. ಮತ್ತೆ, ಸಾಯೋವರೆಗೆ ಕಾಯೋ ತಾಳ್ಮೆ ನಮ್ಮ ಜನಕ್ಕೆ ಇಲ್ಲ. 2000ದಲ್ಲಿ ಕ್ರಿಕೆಟ್ ಮಂಡಳಿ ಅಜರುದ್ದೀನ್‌ಗೆ ಜೀವಮಾನದ ನಿಷೇಧ ಹಾಕಿತು. ನಿಷೇಧ ಚಾಲ್ತಿಯಲ್ಲಿದ್ದಾಗಲೇ, 2009ರಲ್ಲಿ, ಮೊರಾದಾಬಾದ್‌ನವರು ಅವರನ್ನು ಆರಿಸಿ ಲೋಕಸಭೆಗೆ ಕಳಿಸಿದರು. ಆ ನಿಷೇಧವೇ ಕಾನೂನುಬಾಹಿರ ಅಂತ ಹೈಕೋರ್ಟ್ ಹೇಳಿದ್ದು ಆಮೇಲೆ, 2012ರಲ್ಲಿ. ಜನತಾ ನ್ಯಾಯಾಲಯ ಮೂರು ವರ್ಷ ಫಾಸ್ಟು.

ಈಗ ಯಾರೂ ಮಾತಾಡೋಕೆ ಇಷ್ಟಪಡದ ವಿಷಯ. 2017ರಲ್ಲಿ ಒಬ್ಬ ಮಹಿಳೆ ಕೋರ್ಟಿಗೆ ಪ್ರಮಾಣ ಮಾಡಿ ಹೇಳಿಕೆ ಕೊಟ್ಟರು. 1970ರ ದಶಕದಲ್ಲಿ, ತನಗೆ 16 ತುಂಬುವ ಮುಂಚೆಯೇ, ರೋಸ್ ತನ್ನ ಜೊತೆ ಸಂಬಂಧ ಶುರುಮಾಡಿದ ಅಂತ. ಆಗ ಆತ ಮೂವತ್ತು ದಾಟಿದ, ಮದುವೆಯಾದ, ಮಕ್ಕಳಿದ್ದ ಮನುಷ್ಯ. ಸಂಬಂಧ ಇದ್ದದ್ದು ನಿಜ, ಆದರೆ ಅವಳಿಗೆ 16 ಆಗಿತ್ತು ಅಂದುಕೊಂಡಿದ್ದೆ ಅಂತ ಆತ ಹೇಳಿದ. ಕೇಸ್ ಹಾಕೋ ಅವಧಿ ಯಾವಾಗಲೋ ಮುಗಿದಿತ್ತು. ಆತ ಹಿಂದೆ ಆಡಿದ್ದ ಫಿಲಡೆಲ್ಫಿಯಾ ತಂಡ ಗಾಬರಿಯಾಗಿ ಸನ್ಮಾನ ರದ್ದು ಮಾಡಿತು. ಐದು ವರ್ಷ ಕಳೀತು. 2022ರಲ್ಲಿ ಅದೇ ತಂಡ ಅದೇ ಮನುಷ್ಯನನ್ನು ಮೈದಾನಕ್ಕೆ ಕರೆಸಿತು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಒಬ್ಬ ಪತ್ರಕರ್ತೆ ಆ ಹಳೆಯ ವಿಷಯ ಕೇಳಿದ್ದಕ್ಕೆ ಆತ, ಅದು 55 ವರ್ಷದ ಹಿಂದಿನ ಮಾತು ಕಣಮ್ಮಾ ಅನ್ನೋ ಧಾಟಿಯಲ್ಲಿ ತಳ್ಳಿಹಾಕಿದ. ಲೆಕ್ಕವೂ ತಪ್ಪಿತ್ತು. ಹಿಟ್ ಎಷ್ಟು ಅಂತ ಕೇಳಿದ್ದರೆ ತಪ್ಪುತ್ತಿರಲಿಲ್ಲ.

35 ವರ್ಷ ಅಮೆರಿಕ ಹೊಡೆದಾಡಿದ್ದು ಬಾಜಿಯ ಬಗ್ಗೆ. ನಿಷೇಧ ಹಾಕಿದ್ದು ಬಾಜಿಗೆ, ತೆಗೆದದ್ದೂ ಬಾಜಿಯದ್ದೇ. ಆ ಹೆಣ್ಣುಮಗಳ ಹೇಳಿಕೆ ಸೇರಿಸೋಕೆ 21ನೇ ನಿಯಮದಲ್ಲಿ ಕಾಲಂ ಇಲ್ಲ. ನನ್ನ ತಕರಾರು 4,256ರ ಬಗ್ಗೆ ಅಲ್ಲ. ಅದು ನಡೆದದ್ದು, ಪುಸ್ತಕದಲ್ಲಿರಲಿ, ಅಳಿಸಿದರೆ ಸುಳ್ಳಾಗುತ್ತೆ. ಆದರೆ ಲೆಕ್ಕ ಬರೆಯೋದು ಬೇರೆ, ಹಾರ ಹಾಕೋದು ಬೇರೆ ಅಲ್ವಾ? ಇವರು ಮನುಷ್ಯನ ಹಾರಕ್ಕೆ ಹಿಟ್‌ಗಳ ಲೆಕ್ಕದ ಪುಸ್ತಕವನ್ನೇ ರಸೀದಿ ಮಾಡಿಕೊಂಡಿದ್ದಾರೆ.

ರೋಸ್ ತೀರಿಕೊಂಡ ಮೇಲೆ ಎಲ್ಲಾ ಸಲೀಸಾಯಿತು. ಸ್ಟೇಡಿಯಂನಲ್ಲಿ ಅಂತಿಮ ನಮನಕ್ಕೆ 14 ಗಂಟೆ ಇಟ್ಟರು, ಜೆರ್ಸಿ ನಂಬರ್ 14 ಆದ್ದರಿಂದ. 2025ರ ಫೆಬ್ರವರಿಯಲ್ಲಿ ಅಧ್ಯಕ್ಷ ಟ್ರಂಪ್ ಕ್ಷಮಾದಾನ ಕೊಡುತ್ತೇನೆ ಅಂದರು. ಏಪ್ರಿಲ್‌ನಲ್ಲಿ ಕಮಿಷನರ್ ಶ್ವೇತಭವನಕ್ಕೆ ಹೋಗಿ ಬಂದರು. ಮೇನಲ್ಲಿ, ಸತ್ತವರಿಂದ ಅಪಾಯವಿಲ್ಲ ಅನ್ನೋ ಜ್ಞಾನೋದಯ. ಮರುದಿನವೇ ಸಿನ್ಸಿನಾಟಿಯಲ್ಲಿ 'ಪೀಟ್ ರೋಸ್ ರಾತ್ರಿ', ಆಟ ಶುರು 7 ಗಂಟೆ 14 ನಿಮಿಷಕ್ಕೆ.

ಅದೇ ಆದೇಶದಲ್ಲಿ ಒಟ್ಟು 17 ಜನ ದಿವಂಗತರ ನಿಷೇಧ ಹೋಯಿತು. ಅದರಲ್ಲಿ ಶೂಲೆಸ್ ಜೋ ಜಾಕ್ಸನ್ ಕೂಡ ಒಬ್ಬ. 1919ರ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್ ಸರಣಿ) ಸೋಲೋಕೆ ಲಂಚ ತಗೊಂಡರು ಅನ್ನೋ ಹಗರಣದ ಆಟಗಾರ. 1921ರಲ್ಲಿ ಜ್ಯೂರಿ ನಿರ್ದೋಷಿ ಅಂತ ಬಿಟ್ಟುಬಿಟ್ಟರೂ ಬೇಸ್‌ಬಾಲ್ ಅವನನ್ನು ಬಿಡಲಿಲ್ಲ, ನಿಷೇಧ ಹಾಕಿತು. ತೀರಿಕೊಂಡದ್ದು 1951ರಲ್ಲಿ. ಅವನಿಂದ ಇನ್ನು ಅಪಾಯವಿಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಬೇಸ್‌ಬಾಲ್ 73 ವರ್ಷ ತಗೊಂಡಿತು. ಎಚ್ಚರಿಕೆ ಅಂದರೆ ಹೀಗಿರಬೇಕು.

ಇನ್ನು ಹಾಲ್ ಆಫ್ ಫೇಮ್‌ನ ಸಮಿತಿ 2027ರ ಡಿಸೆಂಬರ್‌ನಲ್ಲಿ ಸೇರುತ್ತದೆ. 16 ಜನರಲ್ಲಿ 12 ಮತ ಬೇಕು. ಆಟದ ಜೊತೆಗೆ ಪ್ರಾಮಾಣಿಕತೆ ಮತ್ತು ನಡತೆಯನ್ನೂ ನೋಡಬೇಕು ಅಂತ ಅವರ ನಿಯಮವೇ ಹೇಳುತ್ತದೆ. ಸತ್ತವರ ನಡತೆಯಲ್ಲಿ ಇತ್ತೀಚೆಗೆ ಯಾವ ದೂರೂ ಇಲ್ಲದಿರೋದು ಅನುಕೂಲ ಆಗಬಹುದು.

ಈ ನಡುವೆ 2024ರ ಜೂನ್‌ನಲ್ಲಿ ಟುಕುಪಿಟ ಮಾರ್ಕಾನೊ ಎಂಬ ಆಟಗಾರನಿಗೂ ಇದೇ ಕಾಯಂ ನಿಷೇಧ ಬಿದ್ದಿದೆ. ಬೇಸ್‌ಬಾಲ್ ಮೇಲೆ 387 ಬಾಜಿ, ಒಂದೂವರೆ ಲಕ್ಷ ಡಾಲರ್‌ಗೂ ಜಾಸ್ತಿ. ಮೇಜರ್ ಲೀಗ್ ಆಟಗಳ ಮೇಲೆ ಕಟ್ಟಿದ್ದರಲ್ಲಿ ಗೆದ್ದದ್ದು ನೂರಕ್ಕೆ 4.3. ಇಂಥವನಿಂದ ಆಟಕ್ಕಿಂತ ಅವನ ಜೇಬಿಗೇ ಅಪಾಯ ಹೆಚ್ಚು. ಲೀಗ್‌ಗೆ ವಿಷಯ ತಿಳಿಸಿದ್ದು ಕಾನೂನುಬದ್ಧ ಬಾಜಿ ಕಂಪನಿಯೇ. ಹುಡುಗನಿಗೆ ಆಗ 24 ವರ್ಷ. ಹೊಸ ತೀರ್ಪಿನ ಪ್ರಕಾರ ಅವನಿಗೂ ದಾರಿ ತೆರೆದೇ ಇದೆ. ವಕೀಲರನ್ನು ಈಗಲೇ ಗೊತ್ತು ಮಾಡಿಕೊಳ್ಳೋದು ಒಳ್ಳೇದು. ತನಗಿಂತ ಚಿಕ್ಕ ವಯಸ್ಸಿನವರನ್ನು ಹುಡುಕಿದರೆ ಇನ್ನೂ ಒಳ್ಳೇದು. ಅರ್ಜಿ ಹಾಕೋ ದಿನ ಅವರಾದರೂ ಬದುಕಿರಬೇಕಲ್ಲ.