ಬರಿಗೈಲಿ ಬಾ ಅಂದರು

"ಏನೂ ತರಬೇಡ, ಬರಿಗೈಲಿ ಬಾ" ಅಂದಳು. ಅಷ್ಟಕ್ಕೇ ನನ್ನ ನಿದ್ದೆ ಕೆಟ್ಟಿತು.

ನ್ಯೂಜೆರ್ಸಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳತಿಯ ಮನೆ. ಯಹೂದಿಗಳ ಪಾಸೋವರ್ ಹಬ್ಬದ ಮೊದಲ ರಾತ್ರಿಯ ಊಟ, ಅದಕ್ಕೆ ಸೇಡರ್ ಅನ್ನುತ್ತಾರೆ. 2024ರ ಏಪ್ರಿಲ್ 22, ಸೋಮವಾರ. ಹಬ್ಬದ ದಿನ ಒಬ್ಬರ ಮನೆಗೆ ಬರಿಗೈಲಿ ಹೋಗುವುದು ಹೇಗೆ? ನಮ್ಮಮ್ಮ ಪಕ್ಕದ ಮನೆಯ ಡಬ್ಬಿ ವಾಪಸ್ ಕೊಡುವಾಗಲೂ ಖಾಲಿ ಕೊಟ್ಟವಳಲ್ಲ, ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಅದರೊಳಗೆ ಇರಬೇಕು.

ಚಿತ್ರಾನ್ನ ತರುತ್ತೇನೆ ಅಂದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ವಿಚಾರಣೆ ಶುರುವಾಯಿತು.

ಗೋಧಿ, ಬಾರ್ಲಿ, ರೈ, ಓಟ್ಸ್, ಸ್ಪೆಲ್ಟ್, ಈ ಐದರ ಹಿಟ್ಟು ನೆನೆದು ಹುಳಿ ಬಂದರೆ ಹಬ್ಬಕ್ಕೆ ಆಗದು, ಮಟ್ಜಾ ಅನ್ನುವ ರೊಟ್ಟಿಯೂ ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಬೇಯಲೇಬೇಕು. ಇಷ್ಟು ನನಗೆ ಗೊತ್ತಿತ್ತು. ಆದರೆ ಇವರದು ಪೂರ್ವ ಯುರೋಪಿನ ಮೂಲದ ಅಶ್ಕೆನಾಜಿ ಮನೆ. ಅಲ್ಲಿ ಅಕ್ಕಿಯೂ ಇಲ್ಲ, ಬೇಳೆಕಾಳೂ ಇಲ್ಲ. ಕಿಟ್ನಿಯೋಟ್ ಅಂತ ಅದಕ್ಕೇ ಬೇರೆ ಪಟ್ಟಿ. ಸರಿ, ಚಿತ್ರಾನ್ನದಲ್ಲಿ ಅನ್ನ ಹೋಯಿತು, ಚಿತ್ರ ಉಳಿಯಿತು. ಒಗ್ಗರಣೆಗೆ ಬಂದೆವು. ಸಾಸಿವೆ ಕಿಟ್ನಿಯೋಟ್. ಕಡಲೆಬೇಳೆ, ಉದ್ದಿನಬೇಳೆ ಕೇಳುವುದೇ ಬೇಡ. ಶೇಂಗಾ ಬಗ್ಗೆ ಅವರವರಲ್ಲೇ ಒಮ್ಮತ ಇಲ್ಲ. "ಇನ್ನೇನು ಹಾಕ್ತೀಯ?" ಅಂದಳು. ಇಂಗು, ಅದೊಂದು ಗಿಡದ ಅಂಟು ಅಷ್ಟೇ, ಎಂದು ಧೈರ್ಯವಾಗಿ ಡಬ್ಬಿ ತಿರುಗಿಸಿ ನೋಡಿದರೆ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ: ಗೋಧಿ ಹಿಟ್ಟು. ನಲವತ್ತು ವರ್ಷದಿಂದ ತಿನ್ನುತ್ತಿದ್ದೇನೆ, ನನಗೇ ಗೊತ್ತಿರಲಿಲ್ಲ! ಇಂಗು ತಿಂದ ಮಂಗ ಅನ್ನುವುದು ಸುಮ್ನೆ ಅಲ್ಲ.

ಮೈಸೂರು ಪಾಕ್ ಆಗಬಹುದಾ ಅಂದೆ. ಕಡಲೆಹಿಟ್ಟು. ಅದೂ ಸಾಲದು ಅಂತ ತುಪ್ಪ ಬೇರೆ, ಊಟದಲ್ಲಿ ಮಾಂಸ ಇದ್ದ ಮೇಲೆ ಹಾಲಿನ ಪದಾರ್ಥ ಆ ಮೇಜಿಗೆ ಬರುವ ಹಾಗಿಲ್ಲ.

ನನಗೂ ಸಿಟ್ಟು ಬಂತು. ಕೂತು ಹುಡುಕಿದೆ. ಸ್ಪೇನ್ ಕಡೆಯ ಮೂಲದ ಸೆಫಾರ್ಡಿ ಯಹೂದಿಗಳಲ್ಲಿ ಬಹಳ ಜನ ಇದೇ ಹಬ್ಬದಲ್ಲಿ ಆರಾಮಾಗಿ ಅನ್ನ ತಿನ್ನುತ್ತಾರೆ. ಅಮೆರಿಕದ ಕನ್ಸರ್ವೇಟಿವ್ ಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, ಅಶ್ಕೆನಾಜಿಗಳೂ ತಿನ್ನಬಹುದು ಅಂತ 2015ರಲ್ಲೇ ಹೇಳಿಬಿಟ್ಟಿದ್ದಾರೆ. ಗೆದ್ದೆ ಅಂದುಕೊಂಡು ಮತ್ತೆ ಫೋನ್ ಮಾಡಿದೆ. "ಇದನ್ನ ನಮ್ಮ ಅಜ್ಜಿಗೆ ಹೇಳು" ಅಂದಳು. ಅಲ್ಲಿಗೆ ವಾದ ಮುಗಿಯಿತು. ಚಾತುರ್ಮಾಸ್ಯದ ಕೊನೇ ತಿಂಗಳು ಬೇಳೆ ಮುಟ್ಟದೆ, ನಮಗೂ ಮುಟ್ಟಿಸದೆ ಇದ್ದ ಅಜ್ಜಿಯ ಕೈಯಲ್ಲಿ ಬೆಳೆದವನು ನಾನು. ಅಜ್ಜಿಯ ಎದುರು ಯಾವ ರಬ್ಬಿ ನಿಲ್ಲುತ್ತಾನೆ?

ಕೊನೆಗೆ ಹೂವು ಒಯ್ದೆ.

ಊಟಕ್ಕೆ ಕರೆದರೆ ಹಸಿದು ಹೋಗುವುದು ಮರ್ಯಾದೆ, ಅಲ್ವಾ? ಮಧ್ಯಾಹ್ನದ ಊಟ ಬಿಟ್ಟು ಆರೂವರೆಗೇ ಹಾಜರಾದೆ. ಕತ್ತಲಾಗುವವರೆಗೆ ಶುರುವೇ ಇಲ್ಲ ಅಂತ ಯಾರೂ ಹೇಳಿರಲಿಲ್ಲ. ಏನು ತರಬಾರದು ಅಂತ ಅಷ್ಟು ಹೇಳಿದವರು ಇದೊಂದು ಹೇಳಬಹುದಿತ್ತು. ಶುರುವಾದರೂ ಮೊದಲು ಪುಸ್ತಕ. ಹಗ್ಗಾಡಾ. ಮ್ಯಾಕ್ಸ್‌ವೆಲ್ ಹೌಸ್ ಕಾಫಿಯವರು 1932ರಿಂದ ಅಚ್ಚುಹಾಕಿ ಹಂಚುತ್ತಿರುವುದಂತೆ, ಪುಟಪುಟಕ್ಕೂ ಹಳೆಯ ವೈನಿನ ಕಲೆ. "ಹಸಿದವರೆಲ್ಲ ಬನ್ನಿ, ಉಣ್ಣಿ" ಅಂತ ಮೊದಲಲ್ಲೇ ಬಂತು. ನಾನು ನ್ಯಾಪ್ಕಿನ್ ಬಿಡಿಸಿದೆ. ಯಾರೂ ಅಲುಗಲಿಲ್ಲ. ಸರದಿ ಪ್ರಕಾರ ಒಬ್ಬೊಬ್ಬರೂ ಒಂದೊಂದು ಭಾಗ ಓದಬೇಕು. ನನ್ನ ಪಾಲಿಗೆ ಬಂದದ್ದು ಬ್ನೇ ಬ್ರಾಕ್ ಊರಿನ ಐದು ರಬ್ಬಿಗಳ ಕಥೆ. ಯಹೂದಿಗಳು ಈಜಿಪ್ಟಿನ ಗುಲಾಮಗಿರಿಯಿಂದ ಬಿಡುಗಡೆಯಾದ ವಿಷಯ ಮಾತಾಡುತ್ತಾ ಮಾತಾಡುತ್ತಾ ರಾತ್ರಿಯೆಲ್ಲ ಕೂತರಂತೆ, ಕೊನೆಗೆ ಶಿಷ್ಯರು ಬಂದು ಬೆಳಗಿನ ಪ್ರಾರ್ಥನೆಗೆ ಹೊತ್ತಾಯಿತು ಅಂದರಂತೆ. ಓದುವಾಗಲೇ ನನ್ನ ಎದೆ ಧಸಕ್ ಅಂದಿತು. ಆಮೇಲೆ ದಯೇನು ಹಾಡು. ಅದರ ಅರ್ಥ, ನಮಗೆ ಅಷ್ಟೇ ಸಾಕಾಗಿತ್ತು, ಅಂತ. ಅಲ್ಲಿಯವರೆಗೆ ನನ್ನ ಹೊಟ್ಟೆಗೆ ಬಿದ್ದದ್ದು ಉಪ್ಪುನೀರಿನಲ್ಲಿ ಅದ್ದಿದ ಒಂದು ಎಸಳು ಪಾರ್ಸ್ಲಿ, ಒಂದು ಲೋಟ ಸಿಹಿ ವೈನ್.

ಇಷ್ಟಾದರೂ ಸುಮ್ಮನಿದ್ದೆ, ಯಾಕೆಂದರೆ ನನ್ನ ಹತ್ತಿರ ಒಂದು ಭಾಷಣ ತಯಾರಿತ್ತು. ಯುಗಾದಿ ಆಗಿ ಹದಿಮೂರೇ ದಿನ. ಅವರ ತಟ್ಟೆಯಲ್ಲೂ ಕಹಿ-ಖಾರದ ಮಾರೋರ್, ಅದರ ಪಕ್ಕ ಸೇಬು, ವಾಲ್ನಟ್, ದಾಲ್ಚಿನ್ನಿ ಸೇರಿಸಿದ ಸಿಹಿ ಹರೋಸೆಟ್. ಬೇವು-ಬೆಲ್ಲದ ಬಗ್ಗೆ ನಾನೂ ನಾಲ್ಕು ಒಳ್ಳೆಯ ಮಾತು ಹೇಳಬೇಕು ಅಂತ ಕಾರಿನಲ್ಲಿ ಮೂರು ಸಲ ಅಭ್ಯಾಸ ಮಾಡಿದ್ದೆ. ಕೊನೆಯ ವಾಕ್ಯವಂತೂ ಬಹಳ ಚೆನ್ನಾಗಿತ್ತು.

ಮಾರೋರ್ ಬಂತು. ತುರಿದ ಖಾರದ ಬೇರು, ಹಾರ್ಸ್‌ರ‍್ಯಾಡಿಶ್. ಮೆಣಸಿನಕಾಯಿ ತಿಂದು ಬೆಳೆದ ಜನ ನಾವು ಅನ್ನುವ ಜಂಬಕ್ಕೆ ಉಪ್ಪಿನಕಾಯಿ ಬಡಿಸಿಕೊಂಡ ಹಾಗೆ ಬಡಿಸಿಕೊಂಡು ಒಂದೇ ಸಲಕ್ಕೆ ಬಾಯಿಗೆ ಹಾಕಿದೆ. ಅದು ನಾಲಿಗೆಯ ಖಾರವೇ ಅಲ್ಲ. ನೇರ ಮೂಗಿಗೆ, ಅಲ್ಲಿಂದ ನೆತ್ತಿಗೆ. ಕಣ್ಣು, ಮೂಗು ಎಲ್ಲ ಸುರಿಯತೊಡಗಿತು. ಗೆಳತಿಯ ಅಜ್ಜಿ ಮಾತ್ರ ಬಹಳ ಖುಷಿಯಾಗಿ ನನ್ನನ್ನೇ ನೋಡುತ್ತಿದ್ದರು. ಗುಲಾಮಗಿರಿಯ ಕಹಿ ನೆನೆದು ಅಳು ಬರಬೇಕು, ಬಂದ ನೆಂಟನಿಗೇ ಬಂತಲ್ಲ ಅಂತ. ನಾನು ಕಣ್ಣು ಒರೆಸಿಕೊಳ್ಳುವಷ್ಟರಲ್ಲಿ ಎಲ್ಲರೂ ಸೂಪಿಗೆ ಚಮಚ ಹಾಕಿದ್ದರು.

ಕೊನೆಗೆ ಅಫಿಕೋಮನ್ ಅಂತ ಒಂದು ಚೂರು ಮಟ್ಜಾ ಕೊಟ್ಟರು. ಅದಾದ ಮೇಲೆ ಆ ರಾತ್ರಿ ಬೇರೇನೂ ತಿನ್ನುವಂತಿಲ್ಲ. ಮನೆ ಸೇರುವಾಗ ಹನ್ನೆರಡೂವರೆ. ಹಿಂದಿನ ದಿನ ಹಠಕ್ಕೆ ಮಾಡಿಟ್ಟಿದ್ದ ಚಿತ್ರಾನ್ನ ಫ್ರಿಜ್ಜಿನಲ್ಲಿತ್ತು. ಬಿಸಿ ಕೂಡ ಮಾಡಲಿಲ್ಲ, ನಿಂತುಕೊಂಡೇ ತಿಂದೆ. ಇಂಗು ಸ್ವಲ್ಪ ಜಾಸ್ತಿಯಾಗಿತ್ತು.